ಎಲ್ಲಿಗೂ ಇಲ್ರಿ

ಕ್ಯಾರಿಯರಿನ ಮ್ಯಾಲ ಈಗ ಡಬ್ಬಿ ಇಲ್ಲ.
ಮೂವತ್ತೊಂದು ವರ್ಷ ಕುಂತಿತ್ತಲ್ಲ, ಬರಫ ತುಂಬಿದ ನೀಲಿ ಡಬ್ಬಿ,
ಅದರ ನಾಕು ಮೂಲಿ ತಿಕ್ಕಿ ತಿಕ್ಕಿ
ಬಣ್ಣ ಹೋಗಿ ತಗಡು ಬೆಳ್ಳಗ ಕಾಣ್ತದ.
ಅಷ್ಟೇ ಉಳದದ ನೌಕರಿದು.

ಕಾಗಿಣಾ ಹೊಳಿದಂಡಿಗುಂಟ,
ಜಾಕವೆಲ್ಲಿನಿಂದ ಬ್ಯಾರೇಜಿನ ತನಕ,
ನಳದ ಪೈಪ ಹೂಳಿದ ಮ್ಯಾಲ ಉಳಿದ ದಾರಿ.
ಯಾರೂ ಹಾಕಿದ್ದಲ್ಲ, ಎಲ್ಲರೂ ತುಳದು ಆಗಿದ್ದು.
ಎಡಕ್ಕ ತೊಗರಿ, ಹಳದಿ ಹೂವಿಗಿ ಬಿದ್ದದ;
ಬಲಕ್ಕ ನೀರು, ಫರಸಿ ಹಾಸಿನ ಮ್ಯಾಲ
ಸೆರಗ ಎಳಕೊಂಡು ಹೋದಂಗ ಹರಿತದ.

ಅವಾಗ ಈ ದಾರಿ ನಾ ನೋಡೇ ಇದ್ದಿಲ್ಲ.
ನೋಡಿದ್ದು ಗಡಿಯಾರ, ಬರಫ ಕರಗೂದು,
ರಜಿಸ್ಟರಿನಾಗ ಟಿಕ್ ಬೀಳದ ಹೆಸರು.
ಶಹಾಬಾದ ಕಡಿಂದ ಫ್ಯಾಕ್ಟರಿ ಭೋಂಗಾ ಕೂಗಿದ್ರ
ಪೆಡಲಿಗಿ ಇನ್ನೊಂದು ಒದಿಕಿ.
ಈಗೂ ಕೂಗ್ತದ.
ಕಾಲು ಒಮ್ಮೆ ಜಿಗದು, ಮತ್ತ ನೆನಪಾಗಿ ಸುಮ್ಮಾಗ್ತದ.

"ಎಲ್ಲಿ ಹೊಂಟೀರಿ ಬಾಯಾರ?"
ಎಮ್ಮಿ ಮೈ ತಿಕ್ಕಿಕೋತ ನಿಂತ ಭೀಮಶಾ.
ಎಲ್ಲಿಗೂ ಇಲ್ರಿ, ಅಂದೆ ಮೊದಲಿನ ದಿನ.
ಆತ ಎಮ್ಮಿ ಬಿಟ್ಟು ನನ್ನ ನೋಡಿದ.
ಸಂಜಿಕ ನಮ್ಮ ತಮ್ಮನ ಫೋನು:
"ಅಕ್ಕಾ, ಆರಾಮ ಇದ್ದಿಲ್ಲ ಹೌದಲ್ಲೋ?"

ಎರಡನೆ ದಿನ ಅಂದೆ, ಪುಂಡಿಪಲ್ಯ ತರಲಾಕ.
ಸುಳ್ಳು ಹೇಳಿದ ಮ್ಯಾಲ ತರಬೇಕಲ್ಲ,
ಮೌಲಾಬಿ ಹೊಲದಾಗ ಇಳದು ಎರಡು ಕಟ್ಟು ತಂದೆ.
ಮೂರನೆ ದಿನ ಲಿಂಬಿಕಾಯಿ. ನಾಕನೆ ದಿನ ಮತ್ತ ಪುಂಡಿಪಲ್ಯ.
ವಾರ ತುಂಬೂದ್ರಾಗ ಅಡಗಿಮನ್ಯಾಗ
ನನ್ನ ಸುಳ್ಳುಗೋಳು ಬಾಡಲಾಕತ್ತಿದ್ವು.

ಖರೆ ಹೇಳಬೇಕಂದ್ರ ಏನಂತ ಹೇಳ್ಲಿ?
ಇಳಿಜಾರಿನಾಗ ಪೆಡಲು ಬಿಟ್ಟು ಕುಂತಾಗ
ಫ್ರೀವೀಲು ಟಿಕಟಿಕ ಅಂತದಲ್ಲ,
ಆ ಸಪ್ಪಳ ಕೇಳಲಾಕ ಹೊಂಟೀನಿ ಅನ್ಲಾ?
ಮಿಂಚುಳ್ಳಿ ವೈರಿನ ಮ್ಯಾಲಿಂದ ನೀರಿಗಿ ಬಿದ್ದು,
ಏನೂ ಸಿಗದೆ, ನಾಚಿಕಿಲ್ಲದೆ
ಅದೇ ವೈರಿಗಿ ವಾಪಸ ಬರೂದು ನೋಡಲಾಕ ಅನ್ಲಾ?

ಹುಡುಗೂರು ಮಾತ್ರ ಕೇಳಂಗಿಲ್ಲ, ಓಡ್ತಾವ.
ಗಂಟಿ ಸಪ್ಪಳ ಕಿವಿಗಿ ಬಿದ್ದರ ಸಾಕು,
ಸೂಜಿಬಾಯಿ! ಸೂಜಿಬಾಯಿ!
ರಟ್ಟಿ ಮುಚ್ಚಿಕೊಂಡು ಜಾಲಿಗಿಡದ ಹಿಂದ.
ಅವರವ್ವಗೋಳೂ ಹಿಂಗೇ ಓಡಿದ್ರು, ಅದೇ ಗಿಡದ ಹಿಂದ.
ಖಾಲಿ ಕೈ ಎತ್ತಿ ತೋರಸ್ತೀನಿ. ನಂಬಂಗಿಲ್ಲ.
ಅಂಥಾ ಹೆಸರು ಗಳಿಸೀನಿ.

ಒಬ್ಬಾಕಿ ಓಡಲಿಲ್ಲ.
ಸೈಬಣ್ಣನ ಮಗಳು ಭಾಗ್ಯವಂತಿ,
ಅಪ್ಪನ ಬಲಿಯಾಗಿನ ಗಂಟು ಬಿಡಿಸಿಕೋತ ಕುಂತಾಕಿ
ಎದ್ದು ಬಂದು ಕ್ಯಾರಿಯರ ಮುಟ್ಟಿ ನೋಡಿದಳು.
"ಡಬ್ಬಿ ಎಲ್ಲದ?"
"ಸರಕಾರಕ್ಕ ತಿರುಗಿ ಕೊಟ್ಟೆ."
"ಮತ್ತ ಇಲ್ಲಿ ಈಗ ಯಾರು ಕೂಡತಾರ?"
ಇದಕ್ಕ ನನ್ನ ಬಳಿ ಯಾವ ಪುಂಡಿಪಲ್ಯನೂ ಇದ್ದಿಲ್ಲ.

ಕಾಲು ಚಕ್ಕದಾಗ ಹಾಕಬ್ಯಾಡ, ಸೊಂಟ ಹಿಡಿ, ಅಂದೆ.
ಡಬ್ಬಿಗಿಂತ ಹಗುರ ಅದಾಳ.
ಆದ್ರ ಡಬ್ಬಿ ಹಿಂಗ ಅಲಗಾಡತಿದ್ದಿಲ್ಲ,
ಕೊಕ್ಕರಿ ಕಂಡಾಗೊಮ್ಮೆ ಬೆನ್ನಿಗಿ ಗುದ್ದತಿದ್ದಿಲ್ಲ.
ತಗ್ಗು ಬಂದಲ್ಲಿ ಇಬ್ಬರೂ ಕೂಡಿ "ಹೋ" ಅಂದಿವಿ.
ಏರು ಬಂದಲ್ಲಿ ಇಳದು ನೂಕಿದಿವಿ.
ಮೊದಲು ಆಕಿ ಇಳದಳು, ನನ್ನ ಮೊಣಕಾಲಿನ ದನಿ ಕೇಳಿ.

ಬ್ಯಾರೇಜಿಗಿ ಒಂದು ತಿರುವು ಇರುವಾಗ ಚೈನು ಕಳಚಿತು.
ಜಾಲಿ ಕಡ್ಡಿಲೆ ಏರಿಸಿದೆ. ಬೊಟ್ಟೆಲ್ಲ ಕರ್ರಗ.
ಆಕಿ ಒಂದಿಷ್ಟು ಎಣ್ಣಿ ತನ್ನ ಗಲ್ಲಕ್ಕೂ ಹಚಗೊಂಡು ಕೇಳಿದಳು,
"ಭೀಮಶಾ ಕಾಕಾ ಕೇಳಿದ್ರ? ಎಲ್ಲಿ ಹೋಗಿದ್ದಿವಿ ಅನ್ನೂದು?"
ಹೊಳಿಗಿ, ಕೈ ತೊಳಿಲಾಕ, ಅಂದೆ.
"ಹಂಗಾರ ತೊಳಿಬೇಕಲ್ಲ."

ಸೈಕಲ್ ದಂಡಿಮ್ಯಾಲ ಮಲಗಿಸಿ
ಫರಸಿಮ್ಯಾಲ ಕುಂತು ಮಣ್ಣು ಹಚ್ಚಿ ತಿಕ್ಕಿದಿವಿ.
ಕರಿ ಹೋಗಲಿಲ್ಲ.
ಮತ್ತ ತಿಕ್ಕಿದಿವಿ.