ಅಂತೆ

ಏಳು ಮ್ಯಾಚು, ಏಳೂ ಸೋಲು.
ಎಂಟನೆಯದು ಇವತ್ತು: ನಾಲ್ಕು, ಸೊನ್ನೆ.
ಮೈದಾನದ ದೀಪ ಆರುವ ಮೊದಲೇ ಎದ್ದು
ಅಶೋಕ ರಸ್ತೆ ದಾಟಿ, ಮಂಡಿ ಮೊಹಲ್ಲಾದ ಸಂದಿಯಲ್ಲಿ
ಜಬ್ಬಾರಣ್ಣನ ಟೀ ಅಂಗಡಿಯ ಕಲ್ಲುಬೆಂಚಿಗೆ
ಬಂದು ಬಿದ್ದೆವು, ಎಂದಿನಂತೆ.

ಅಲ್ಲಿ ಕಾದಿದ್ದು ಬೇರೆ ಅಂತೆ.
ಚೆಂಗಪ್ಪನ್ನ ಬೆಳಗಾವಿಯವರು ಕೇಳಿದಾರಂತೆ.
ಕೊಡ್ತಾರಂತೆ. ಬದಲಿಗೆ ಇಬ್ಬರು ಹುಡುಗರಂತೆ,
ಒಬ್ಬನ ಮೊಣಕಾಲು ಸರಿಯಿಲ್ಲವಂತೆ.
ಗೋಲ್‌ಕೀಪರ್ ಲೂಯಿಯೂ ಹೊರಟನಂತೆ,
ಹೆಂಡತಿಗೆ ಅಲ್ಲೇ ಆಸ್ಪತ್ರೆಯಲ್ಲಿ ಕೆಲಸವಂತೆ.
ಯಾರು ಹೇಳಿದ್ದು?
ಕ್ಲಬ್ಬಿನ ಬಟ್ಟೆ ಒಗೆಯುವ ಮಾದೇಶ.
ಅವನಿಗೆ ಯಾರು ಹೇಳಿದ್ದು?
ಅಂಗಿ ಹೇಳಿತು. ಒಂಬತ್ತನೇ ನಂಬರಿನವು ಮೂರಿದ್ದವು,
ಈ ವಾರ ಒಗೆಯಲು ಬಂದದ್ದು ಎರಡೇ ಅಂತೆ.

ಈ ಬಾಲಕ್ಕೆ ಮೂಳೆಯಿಲ್ಲ.
ಯಾವ ಮಾತಿಗೆ ಬೇಕಾದರೂ ಅಂಟುತ್ತದೆ,
ಆಡಿದವನ ಬೆರಳಿಗೆ ಮಸಿ ಹತ್ತದ ಹಾಗೆ.

ಮಂಡ್ಯದಿಂದ ರೈಲು ಹತ್ತಿ ಪ್ರತಿ ಮ್ಯಾಚಿಗೂ ಬರುವ ಕೆಂಚೇಗೌಡ
ಲೋಟ ಕುಕ್ಕಿದ: ‘ಏನ್ ದನದ ಸಂತೆ ಕೆಟ್ಟೋಯ್ತಾ?
ಟವಲ್ ಕೆಳಗೆ ಬೆರಳು ಅಮುಕಿ ರೇಟ್ ಮಾಡ್ತಾವ್ರಲ್ಲ,
ಹಲ್ಲು ಎಣಿಸಿದ್ರಂತಾ? ಸುಳಿ ನೋಡಿದ್ರಂತಾ?’
ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ ಅಂತೋಣಪ್ಪ ಮೆಲ್ಲಗೆ,
‘ಡಬ್ಬಿ ಹಳಿ ತಪ್ಪಿದರೆ ಎಂಜಿನ್ ಮಾರ್ತಾರೇನ್ರಿ?’
ಅದಕ್ಕೆ ಪಿ.ಟಿ. ಮೇಡಂ ವಿಶಾಲಾಕ್ಷಿ,
ರಿಟೈರಾದರೂ ಕೊರಳಲ್ಲಿ ಸೀಟಿ ಬಿಡದವರು,
‘ಕೊಟ್ಟುಬಿಡಲಿ. ಅವನಿಗೆ ಮೂವತ್ತು,
ಬರೋ ಹುಡುಗರಿಗೆ ಹತ್ತೊಂಬತ್ತು.
ಮಮತೆ ಗೋಲು ಹೊಡೆಯಲ್ಲ.’

ಆಮೇಲೆ ಅರ್ಧ ಗಂಟೆ ಯಾರ ಮಾತು ಯಾರದೋ.
ಮೂರು ವರ್ಷದ ಹಿಂದಿನ ಫೈನಲ್ಲು ಮತ್ತೆ ಆಡಿದೆವು,
ಬನ್ನು ಡಿಫೆಂಡರ್, ಸಕ್ಕರೆ ಡಬ್ಬಿ ಗೋಲು.
ಚೆಂಗಪ್ಪನ ಆ ರಿವರ್ಸ್ ಏಟು ಹೊಡೆಯಲು ಹೋಗಿ
ಅಂತೋಣಪ್ಪನ ಚಮಚ ಚರಂಡಿಗೆ ಹಾರಿತು.

ನಾನು ಸ್ಟಿಕ್ಕಿಗೆ ಹಿಡಿ ಸುತ್ತುವವನು.
ಯಾರ ಹೆಬ್ಬೆರಳು ಎಲ್ಲಿ ಸವೆಸುತ್ತದೆ ಗೊತ್ತು.
ರಿಪೇರಿಗೆ ಬಿಟ್ಟಿದ್ದ ಎರಡು ಹಳೇ ಸ್ಟಿಕ್ಕು
ಹೋದ ಮಂಗಳವಾರ ಚೆಂಗಪ್ಪ ತೆಗೆದುಕೊಂಡು ಹೋದ,
ಇನ್ನೂ ಸುತ್ತಿಲ್ಲ ಅಂದರೂ ಕೇಳದೆ.
ಇದನ್ನು ಮಾತ್ರ ನಾನು ಹೇಳಲಿಲ್ಲ.
ಟೀ ಆರಿಸಿಕೊಳ್ಳುತ್ತ ಕೂತೆ.

ಅಷ್ಟರಲ್ಲಿ ಅವನೇ ಬಂದ. ಹೆಗಲಲ್ಲಿ ಚೀಲ, ಒದ್ದೆ ತಲೆ.
ತಕ್ಷಣ ನಾವೆಲ್ಲ
ಕಾವೇರಿ ನೀರಿನ ಬಗ್ಗೆ, ಟೊಮೆಟೊ ರೇಟಿನ ಬಗ್ಗೆ.
ಅವನು ನಿಂತೇ ಕುಡಿದ. ಬನ್ನು ಬೇಡವೆಂದ.
‘ಜಬ್ಬಾರಣ್ಣ, ನನ್ನ ಲೆಕ್ಕ ಎಷ್ಟಾಗಿದೆ?’

ಸ್ಟೌವಿನ ಸದ್ದೊಂದೇ.
ಎಣ್ಣೆ ಕುಡಿದ ಆ ಖಾತೆ ಪುಸ್ತಕವನ್ನು ಜಬ್ಬಾರಣ್ಣ
ತೆಗೆದ, ಹುಡುಕಿದ, ಅವನ ಹಾಳೆ ದಾಟಿ ಹೋಗಿ ಹಿಂದೆ ಬಂದ,
ಕೂಡಿದ, ಮತ್ತೊಮ್ಮೆ ಕೂಡಿದ.
‘ಮುನ್ನೂರ ಹನ್ನೆರಡು.’
ಮೂರು ನೋಟು, ಮೇಲೊಂದು ಹತ್ತು, ಒಂದು ನಾಣ್ಯ.
ಮೂರನ್ನೇ ಎತ್ತಿಕೊಂಡ ಜಬ್ಬಾರಣ್ಣ
ಉಳಿದದ್ದನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ.
‘ಹನ್ನೆರಡು ಬಾಕಿ ಇರಲಿ.’
‘ಚಿಲ್ಲರೆ ಇದೆಯಲ್ಲಣ್ಣ.’
‘ಇರಲಿ ಅಂದೆನಲ್ಲಪ್ಪ.’

ಹೊರಡುವಾಗ ಮೇಡಂ ಕೇಳಿದರು,
‘ಭಾನುವಾರ ಕಾರ್ನರ್ ಯಾರೋ ಹೊಡೆಯೋದು?’
‘ನೋಡೋಣ ಮೇಡಂ’ ಎಂದ ನೆಲ ನೋಡಿಕೊಂಡು.
ಮಮತೆಯ ವಿಷಯ ಅವರು ಮತ್ತೆ ಎತ್ತಲಿಲ್ಲ,
ಸೀಟಿಯನ್ನು ಸೆರಗಿನೊಳಗೆ ಸೇರಿಸಿದರು.

ರಾತ್ರಿ ಗಾಡಿ ತಪ್ಪಿದ ಕೆಂಚೇಗೌಡನ ಜತೆ
ಬಸ್ ಸ್ಟ್ಯಾಂಡಿನ ತನಕ ನಡೆದೆ.
ದೊಡ್ಡ ಗಡಿಯಾರದ ಹತ್ತಿರ ತಟಕ್ಕನೆ ನಿಂತು ಕೇಳಿದ:
‘ಹನ್ನೆರಡು ರೂಪಾಯಿ ತೀರ್ಸಕ್ಕೆ
ಬೆಳಗಾವಿಯಿಂದ ಬತ್ತಾನೇನಯ್ಯ ಅವನು?’

ಬರ್ತಾನಂತೆ, ಅಂದೆ.