ವಗಿಯೆಮಳ ಹಿತ್ತಲು

ಟೆಂಪೆ ಹುದುಗಿಸಲು ಸೋಯಾ ಕಾಳು ತುಳಿದು ತೊಳೆದು
ತೇಲಿದ ಸಿಪ್ಪೆಯನ್ನು ಬಿದಿರ ಜರಡಿಯಲ್ಲಿ ಬಾಚಿ
ಹಿತ್ತಲಿಗೆ ಚೆಲ್ಲುತ್ತಾಳೆ ವಗಿಯೆಮ್.
ಹನ್ನೊಂದು ಕೋಳಿ. ಒಂದಕ್ಕೆ ಕುತ್ತಿಗೆಯಲ್ಲಿ ಪುಕ್ಕವಿಲ್ಲ.

ಸಲಾತಿಗದ ಕಾಲೇಜಿನ ಹುಡುಗ ವಸ್ಕಿತೊ
ಮೊಟ್ಟೆ ಮೊಟ್ಟೆಗೂ ಪೆನ್ಸಿಲ್ಲಿನಲ್ಲಿ ತಾರೀಖು ಬರೆಯುತ್ತಾನೆ:
"ಈ ಕಾಳಿನೊಳಗೆ ಒಂದು ಸತ್ವವಿದೆ, ಚಿಕ್ಕಮ್ಮ,
ಈಸ್ಟ್ರೋಜೆನ್ನಿನ ವೇಷ ತೊಟ್ಟು ಒಳಹೊಗುತ್ತದೆ.
ಮುದಿಕೋಳಿಯ ಮನೆಯಲ್ಲಿ ತಾನೇ ಒಡತಿ ಅನ್ನುತ್ತದೆ,
ಎಳೆಯದರ ಬಾಗಿಲಿಗೆ ಸುಮ್ಮನೆ ಅಡ್ಡ ಕೂರುತ್ತದೆ."

ಅವಳಿಗೆ ನಗು.
ಹೋದ ವರ್ಷ ಮುಟ್ಟು ನಿಂತಿತು.
ನಡುರಾತ್ರಿ ಮೈಯೆಲ್ಲ ಒಲೆಯಾಗಿ ಎದ್ದು
ಬಾವಿಕಟ್ಟೆಯ ಸಿಮೆಂಟಿಗೆ ಬೆನ್ನು ಹಚ್ಚಿ ಮಲಗುತ್ತಾಳೆ.
ತಿಂದದ್ದು ನಲವತ್ತು ವರ್ಷ ಇದೇ ಕಾಳು.

ಮಳೆ ಮುಗಿಯಿತು. ಹುಡುಗನ ಪಟ್ಟಿಯಲ್ಲಿ
ಕೆಲವು ಕೋಳಿ ಏರಿದವು, ಕೆಲವು ಇಳಿದವು.
"ಇನ್ನೂ ಹೇಳಲಾಗದು" ಅಂತ ಬೈಕು ಹತ್ತಿದ.

ಇವತ್ತು ಬೆಳಿಗ್ಗೆ ಆ ಬೋಳು ಕುತ್ತಿಗೆಯದು,
ಸಾರಿಗೆಂದು ಕಾಲಿಗೆ ದಾರ ಕಟ್ಟಿಟ್ಟದ್ದು,
ಹೊಟ್ಟಿನ ಗೋಣಿಯ ಮೇಲೆ ಒಂದು ಮೊಟ್ಟೆ ಇಟ್ಟಿದೆ.
ತೆಳು ಚಿಪ್ಪು. ಒತ್ತಿದರೆ ಒಡೆದೀತು.

ತಾರೀಖು ಬರೆಯಲಿಲ್ಲ ಅವಳು,
ಕೆನ್ನೆಗೆ ಹಿಡಿದಳು.
ತನ್ನ ರಾತ್ರಿಗಿಂತ
ಸ್ವಲ್ಪವೇ ಕಡಿಮೆ ಬಿಸಿ.