ಈರುಳ್ಳಿ ಎಂದು ಒತ್ತಿದ್ದು

ಅರ್ಧ ಕಿಲೋ ಶುಂಠಿ. ಪರದೆಯ ಮೇಲೆ
ಈರುಳ್ಳಿ ಎಂದು ಒತ್ತಿದೆ.
ಡ್ಯಾಂಡಿನಾಂಗ್ ಪೊಲೀಸರ ಹಾಳೆಯಲ್ಲಿ
ಅದಕ್ಕೆ ಕಳವು ಎಂದು ಹೆಸರು.

ವಕೀಲೆ ಫೋನಿನಲ್ಲೇ ಲೆಕ್ಕ ಹೇಳಿದಳು:
ಎರಡು ಸಾವಿರದ ಎಂಟುನೂರು ಡಾಲರು, ತೆರಿಗೆ ಸೇರಿ.
ಅಡಿಕೆಗೆ ಹೋದ ಮಾನಕ್ಕೆ
ಆನೆಯ ಬಾಡಿಗೆಯೇ ಇಷ್ಟಾಗುತ್ತದೆ ಅಂತ
ಇವತ್ತು ತಿಳಿಯಿತು.

"ಒಪ್ಪಿಕೊಂಡು ದಂಡ ಕಟ್ಟು, ಅಲ್ಲಿಗೆ ಮುಗೀತು"
ಟೀಗೆ ನೀರಿಡುತ್ತ ಸುಧನ್ವ ಅಂದ.
ಮುಗಿಯುವುದಿಲ್ಲ. ವೃದ್ಧಾಶ್ರಮದ ಕೆಲಸಕ್ಕೆ
ಮೂರು ವರ್ಷಕ್ಕೊಮ್ಮೆ ಪೊಲೀಸರ ಸರ್ಟಿಫಿಕೇಟು ಬೇಕು.
ಹಾಲರನ್ ಅಜ್ಜಿಯ ಉಂಗುರ ಕಳಚಿಟ್ಟು, ಕೈ ತೊಳೆಸಿ
ಮತ್ತೆ ತೊಡಿಸುವವಳು ನಾನು.

ವಕೀಲೆ ಎಲ್ಲ ಕೇಳಿದಳು: ವೀಸಾ, ಹಿಂದಿನ ಕೇಸು,
ಆ ದಿನ ರಾತ್ರಿಪಾಳಿ ಮುಗಿಸಿ ಹೋಗಿದ್ದೇ,
ಕಣ್ಣಿಗೆ ಕನ್ನಡಕ ಇತ್ತೇ.
ತಪ್ಪಿ ಒತ್ತಿದ್ದೋ, ಬೇಕೆಂದೇ ಒತ್ತಿದ್ದೋ,
ಅದೊಂದನ್ನು ಕೇಳಲಿಲ್ಲ.
ಸುಧನ್ವನೂ ಕೇಳಿಲ್ಲ.

ಮುಂಗಡ ಕಳಿಸಿದೆ, ಅರ್ಧ.
ಟೀಗೆ ಶುಂಠಿ ಹಾಕಬೇಡ ಎಂದೆ.
ಅವನು ಆಗಲೇ ಜಜ್ಜಿದ್ದ.
ಇದು ಬೇರೆ ಅಂಗಡಿಯದು ಅಂದ,
ಜೇಬಿನಿಂದ ರಸೀದಿ ತೆಗೆದು
ತೋರಿಸಿದ.